ಸ್ವಲ್ಪ ಅಂದರೆ ಎಷ್ಟು

ನಮ್ಮ ಮಾಸ್ತರು ಹೋದ ಸುದ್ದಿ ನನಗೆ ಬಂದದ್ದು ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಇಂಗ್ಲಿಷಿನಲ್ಲಿ ಹಾಕಿದ್ದರು: ಆಫ್ಟರ್ ಎ ಬ್ರೀಫ್ ಇಲ್‌ನೆಸ್. ಓದಿದ ಕೂಡಲೇ ಅಳು ಬರಬೇಕಿತ್ತು. ಬಂದದ್ದು ಅವರದೇ ದನಿ. ‘ಬ್ರೀಫ್ ಅಂದ್ರ ಎಷ್ಟು ದಿನ? ಶಾರ್ಟ್ ಯಾಕ ಅಲ್ಲ? ಬರದಾವ ದಿನಾ ಎಣಿಸ್ಯಾನೇನು?’ ಆ ದನಿ ಕಿವಿಯಲ್ಲಿ ಮುಗಿಯುವ ತನಕ ಮೊಬೈಲು ಹಿಡಿದುಕೊಂಡೇ ಕೂತಿದ್ದೆ. ಕೆಳಗೆ ಒಬ್ಬರ ಹಿಂದೆ ಒಬ್ಬರು ಕೈಮುಗಿದ ಚಿತ್ರ ಹಾಕುತ್ತಿದ್ದರು. ನಾನು ಏನೂ ಹಾಕಲಿಲ್ಲ. ಅವರ ಮನೆಗೂ ಹೋಗಲಿಲ್ಲ. ನನ್ನ ಕಚೇರಿಯಿಂದ ಅವರ ಮನೆ ಅರ್ಧ ಗಂಟೆಯ ದಾರಿ. ಯಾಕೆ ಹೋಗಲಿಲ್ಲ ಅನ್ನುವುದನ್ನು ಇಲ್ಲಿ ಹೇಳಬೇಕು ಅಂದುಕೊಂಡಿದ್ದೇನೆ. ಅಲ್ಲಿಗೆ ಬರುವ ಹೊತ್ತಿಗೆ ಧೈರ್ಯ ಉಳಿದಿರುತ್ತದೋ ಇಲ್ಲವೋ ಗೊತ್ತಿಲ್ಲ.

ಭೋಸರಿಯ ಕಾರ್ಖಾನೆಗಳ ನಡುವೆ ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ ನಮ್ಮ ಕಚೇರಿ. ಕೆಳಗೆ ತಗಡು ಒತ್ತುವ ಪ್ರೆಸ್ಸು. ಅದು ಬಡಿದಾಗಲೆಲ್ಲ ಮೇಜಿನ ಮೇಲಿನ ಚಹಾ ನಡುಗುತ್ತಿತ್ತು. ಹತ್ತು ಹನ್ನೆರಡು ಜನರ ಸಣ್ಣ ಕಂಪನಿ ನಮ್ಮದು. ಕಾರ್ಖಾನೆಗಳಿಗೆ ಹೋಗಿ ಭಾರ ಎತ್ತುವ ಕ್ರೇನು, ಸರಪಳಿ, ಉಕ್ಕಿನ ಹಗ್ಗ, ಹುಕ್ಕು ಇವನ್ನೆಲ್ಲ ತಪಾಸಣೆ ಮಾಡಿ ಇಂಗ್ಲಿಷಿನಲ್ಲಿ ರಿಪೋರ್ಟು ಬರೆದುಕೊಡುವುದು ಕೆಲಸ. ಆ ರಿಪೋರ್ಟನ್ನು ನಂಬಿ ಮೇಲೆ ಟನ್ನುಗಟ್ಟಲೆ ಉಕ್ಕು ತೂಗುತ್ತದೆ, ಕೆಳಗೆ ಜನ ಓಡಾಡುತ್ತಾರೆ. ಹೇಳಿಕೊಳ್ಳಲು ಇಷ್ಟೇ. ಆದರೆ ಈ ಇಷ್ಟರಲ್ಲಿ ಒಂದು ಮಾತು ಹೆಚ್ಚುಕಮ್ಮಿ ಆದರೆ ಏನಾಗುತ್ತದೆ ಅನ್ನುವುದನ್ನು ಇಡೀ ಕಚೇರಿಯಲ್ಲಿ ಸದಾ ನೆನಪಿಟ್ಟುಕೊಂಡಿದ್ದವರು ಅವರೊಬ್ಬರೇ.

ನಾವು ಅವರನ್ನು ಮಾಸ್ತರು ಅನ್ನುತ್ತಿದ್ದೆವು. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು, ಅರ್ಧಕ್ಕೇ ಬಿಟ್ಟು ಪುಣೆಗೆ ಬಂದು ನಮ್ಮ ಕಂಪನಿಯಲ್ಲಿ ರಿಪೋರ್ಟು ತಿದ್ದುವ ಕೆಲಸಕ್ಕೆ ಸೇರಿದ್ದರು. ಅವರ ಸಹಿ ಬೀಳದೆ ಯಾವ ರಿಪೋರ್ಟೂ ಹೊರಗೆ ಹೋಗುವ ಹಾಗಿರಲಿಲ್ಲ. ಯಾಕೆ ಬಿಟ್ಟರು, ಯಾಕೆ ಬಂದರು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೆಸರೂ ಇಲ್ಲಿ ಬೇಡ. ತೆಳ್ಳಗಿನ ಮೈ, ತೋಳು ಮಡಿಸಿದ ಬಿಳಿ ಅಂಗಿ, ಕಿಸೆಯಲ್ಲಿ ಹಸಿರು ಶಾಯಿಯ ಪೆನ್ನು. ಕೆಂಪು ಶಾಯಿಯನ್ನು ಸಾಲಿಯಲ್ಲೇ ಬಿಟ್ಟು ಬಂದೆ ಅನ್ನುತ್ತಿದ್ದರು.

ನಾನು ಗೋಕಾಕದಿಂದ ಡಿಪ್ಲೊಮಾ ಮುಗಿಸಿ ಬಂದು ಸೇರಿದ ಮೊದಲ ವಾರ. ಒಂದು ಹುಕ್ಕಿನಲ್ಲಿ ಕಂಡ ಬಿರುಕಿನ ಬಗ್ಗೆ ‘ಸ್ಮಾಲ್ ಕ್ರ್ಯಾಕ್’ ಅಂತ ಬರೆದು ಅವರ ಮುಂದಿಟ್ಟೆ. ಅವರು ಹಾಳೆಯನ್ನು ನೋಡದೆ ನನ್ನನ್ನು ನೋಡಿದರು.

‘ಮೊದಲ ಕನ್ನಡದಾಗ ಹೇಳು ತಮ್ಮಾ. ಎಷ್ಟರದು ಬಿರುಕು?’

‘ಸ್ವಲ್ಪ ಅದರಿ ಸರ.’

‘ಸ್ವಲ್ಪ ಅಂದ್ರ? ಸಾರಿನ್ಯಾಗ ಉಪ್ಪು ಸ್ವಲ್ಪ ಕಮ್ಮಿ ಅಂದ್ರೂ ಸ್ವಲ್ಪ, ಮುದುಕನ ಮೈಯಾಗ ಜೀವ ಸ್ವಲ್ಪ ಉಳದದ ಅಂದ್ರೂ ಸ್ವಲ್ಪ. ನಿಂದು ಯಾವುದು?’

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಹಸಿರು ಪೆನ್ನಿನಿಂದ ಹಾಳೆಯ ಹಿಂದೆ ಆರು ಇಂಗ್ಲಿಷ್ ಪದಗಳನ್ನು ಮೇಲಿಂದ ಕೆಳಕ್ಕೆ ಬರೆದರು. ಹೇರ್‌ಲೈನ್, ಸ್ಲೈಟ್, ಸ್ಮಾಲ್, ಮಾಡರೇಟ್, ಕನ್ಸಿಡರೇಬಲ್, ಸಿವಿಯರ್. ಒಂದೊಂದರ ಮೇಲೂ ಪೆನ್ನಿನ ತುದಿ ಇಟ್ಟು ವಿವರಿಸಿದರು. ‘ಹೇರ್‌ಲೈನ್ ಅಂದ್ರ ಮಸೂರ ಬೇಕು. ಸ್ಲೈಟ್ ಅಂದ್ರ ನೀ ಬೆರಳು ಮಾಡಿ ತೋರಸಬೇಕು. ಸ್ಮಾಲ್ ಅಂದ್ರ ತಾನಾಗೇ ಕಾಣ್ತದ, ಆದ್ರ ಮನಸಿಗೆ ಹತ್ತೂದಿಲ್ಲ. ಮಾಡರೇಟ್ ಅಂದ್ರ ಮನಸಿಗೆ ಹತ್ತಲಿಕ್ಕೆ ಸುರು ಆತು. ಕನ್ಸಿಡರೇಬಲ್ ಅಂದ್ರ ಕುಂತು ವಿಚಾರ ಮಾಡಬೇಕು, ಅದರ ಹೆಸರಿನಾಗ ಅದ. ಸಿವಿಯರ್ ಅಂದ್ರ ವಿಚಾರ ಮಾಡ್ಲಿಕ್ಕೆ ಕೂಡಬ್ಯಾಡ, ಅಲ್ಲಿಂದ ಓಡು.’

ಆ ಹಾಳೆಯನ್ನು ನಾನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ಆಮೇಲೆ ಎಷ್ಟೋ ವರ್ಷ ಬಿರುಕು ಕಂಡಾಗ ಮೊದಲು ಗಾಜಿನ ಕೆಳಗಿನ ಆ ಸಾಲು ನೆನಪಾಗುತ್ತಿತ್ತು, ಆಮೇಲೆ ಬಿರುಕು.

ಎಲ್ಲೇ ಹೋಗಲಿ, ಕೂರುವ ಮೊದಲು ಅವರು ಒಮ್ಮೆ ತಲೆ ಎತ್ತಿ ಮೇಲೆ ನೋಡುತ್ತಿದ್ದರು. ಚಿಂಚವಡದಲ್ಲಿ ನಮ್ಮವರದೊಂದು ಮದುವೆ. ಮಂಗಲ ಕಾರ್ಯಾಲಯದ ನಡುಮಧ್ಯೆ ದೊಡ್ಡ ಗಾಜಿನ ದೀಪದ ಗೊಂಚಲು. ಎಲ್ಲರೂ ಅದರ ಕೆಳಗೇ ಕುರ್ಚಿ ಹಿಡಿದು ಕೂತಿದ್ದರೆ ಇವರು ತಮ್ಮ ಕುರ್ಚಿ ಎಳೆದುಕೊಂಡು ಗೋಡೆಗೆ ಹೋದರು. ಹೆಂಡತಿಯ ಕುರ್ಚಿಯನ್ನೂ ಎಳೆದರು. ನಾವೆಲ್ಲ ಕಾಕು ಅನ್ನುವ ಆ ತಾಯಿಗೆ ಸಿಟ್ಟು ಬಂತು. ‘ಇವರಿಗೆ ಎಲ್ಲಿ ಹೋದ್ರೂ ತಲಿ ಮ್ಯಾಲ ಬೀಳ್ತದ ಅಂತ ಅಂಜಿಕಿ. ನಲವತ್ತು ವರ್ಷದಾಗ ಒಂದ ಹಲ್ಲಿನೂ ಬಿದ್ದಿಲ್ಲ ನೋಡಪಾ,’ ಅಂದರು. ನಾವು ನಕ್ಕೆವು. ಮಾಸ್ತರು ಮೆಲ್ಲಗೆ, ‘ಬೀಳೂದಿಲ್ಲ ಅಂತ ಬರದು ಕೊಡೂದು ನನ್ನ ಕೆಲಸ. ಬರದು ಕೊಡಾವಗ ಗೊತ್ತಿರ್ತದ,’ ಅಂದರು. ಅಂದಿನಿಂದ ನನಗೂ ಆ ಚಟ ಹತ್ತಿತು. ಈಗಲೂ ಹೋಟೆಲಿಗೆ ಹೋದರೆ ಮೊದಲು ಫ್ಯಾನು ನೋಡುತ್ತೇನೆ.

ಅವರು ಸದಾ ಮುಖ ಗಂಟು ಹಾಕಿಕೊಂಡಿದ್ದರು ಅಂತಲ್ಲ. ನಮ್ಮ ಮಾಲಕರು ಬೆಳಗಾವಿಯ ವ್ಯಾಪಾರಿ ಮನೆತನದವರು, ಮೈಯಲ್ಲಿ ಭರ್ಜರಿ. ಅವರ ಹುಟ್ಟುಹಬ್ಬಕ್ಕೆ ಒಬ್ಬ ಸಹೋದ್ಯೋಗಿ ಇಂಗ್ಲಿಷಿನಲ್ಲಿ ಶುಭಾಶಯ ಬರೆದ. ದೊಡ್ಡ ಮನುಷ್ಯರು ಅನ್ನಬೇಕಿತ್ತು ಪಾಪ, ‘ಯು ಆರ್ ಎ ಲಾರ್ಜ್ ಮ್ಯಾನ್’ ಅಂತ ಬರೆದುಬಿಟ್ಟಿದ್ದ. ಮಾಸ್ತರು ಅದನ್ನು ಓದಿ, ‘ಖರೇ ಅದ. ಆದ್ರ ಅವರ ಮುಂದ ಹೇಳಬ್ಯಾಡ,’ ಅಂದು ಲಾರ್ಜ್ ಹೊಡೆದು ಗ್ರೇಟ್ ಮಾಡಿದರು. ‘ಬಿಗ್ ಅಂದ್ರ ಕಾಣೂದು, ಲಾರ್ಜ್ ಅಂದ್ರ ಅಳೆಯೂದು, ಗ್ರೇಟ್ ಅಂದ್ರ ಒಪ್ಪೂದು. ನಮಗ ಮೂರಕ್ಕೂ ದೊಡ್ಡದು ಅನ್ನೂದೊಂದ ಅದ, ಅದಕ್ಕ ಬಡಕೋತೀವಿ.’ ವಾರಗಟ್ಟಲೆ ನಾವು ಒಬ್ಬರಿಗೊಬ್ಬರು ಲಾರ್ಜ್ ಮ್ಯಾನ್ ಅಂತ ಕರೆದುಕೊಂಡು ನಗುತ್ತಿದ್ದೆವು.

ಆದರೆ ಫೋನು ಬಂದಾಗ ಅವರ ಮುಖ ಬದಲಾಗುತ್ತಿತ್ತು. ಫೋನು ಮಾಡುವ ಕಾರ್ಖಾನೆಯವರು ಯಾರೂ ತಪಾಸಣೆ ಸುಳ್ಳು ಅನ್ನುತ್ತಿರಲಿಲ್ಲ. ಎಲ್ಲ ಒಪ್ಪುತ್ತಿದ್ದರು. ಒಂದೇ ಒಂದು ಪದ ಜರಾ ಬದಲಿಸಿ ಕೊಡಿ ಸಾಹೇಬ, ಅಷ್ಟೇ. ಶಿರೂರಿನ ಕಡೆಯ ಒಂದು ಕಾರ್ಖಾನೆಯ ರಿಪೋರ್ಟಿನಲ್ಲಿ ಇವರು, ಆ ಸರಪಳಿಗೆ ಅವರು ಎತ್ತುತ್ತಿರುವ ಭಾರ ‘ಟೂ ಹೆವಿ’ ಅಂತ ಬರೆದಿದ್ದರು. ಅಲ್ಲಿನ ಮ್ಯಾನೇಜರು ‘ವೆರಿ ಹೆವಿ’ ಮಾಡಿಕೊಡಿ ಅಂತ ಗಂಟುಬಿದ್ದ. ಎರಡಕ್ಕೂ ಅರ್ಥ ಒಂದೇ ಅಲ್ಲವೇ, ನಿಮ್ಮ ಕನ್ನಡದಲ್ಲಿ ಎರಡಕ್ಕೂ ಏನನ್ನುತ್ತಾರೆ ಅಂತ ಕೇಳಿದ.

‘ಎರಡಕ್ಕೂ ಭಾಳ ಅಂತೀವ್ರಿ,’ ಮಾಸ್ತರು ಮರಾಠಿಯಲ್ಲಿ ಅವನಿಗೆ ಹೇಳಿ ಫೋನಿಟ್ಟರು. ನಮ್ಮ ಕಡೆ ತಿರುಗಿ ಅಂದರು, ‘ವೆರಿ ಅಂದ್ರ ಭಾರ ನೋಡಿ ಬೆರಗಾಗೂದು. ಟೂ ಅಂದ್ರ ಗೆರಿ ದಾಟಿ ಆಚೆ ಹೋಗೂದು. ಬೆರಗಾದ್ರ ಯಾರೂ ಸಾಯೂದಿಲ್ಲ.’

ಆ ಕಾರ್ಖಾನೆಯವರು ನಮ್ಮನ್ನು ಬಿಟ್ಟು ಬೇರೆ ಕಂಪನಿಯಿಂದ ‘ವೆರಿ’ ಬರೆಸಿಕೊಂಡರು. ಮಾಲಕರು ನಾಲ್ಕು ದಿನ ಮಾಸ್ತರ ಜೊತೆ ಮಾತಾಡಲಿಲ್ಲ. ಅಲ್ಲಿ ಆಮೇಲೆ ಏನೂ ಆಗಲಿಲ್ಲ. ಶಿರೂರಿನ ಕಡೆ ಕೆಲಸಕ್ಕೆ ಹೋಗಿಬಂದವರನ್ನೆಲ್ಲ ಮಾಸ್ತರು ಕೇಳುತ್ತಿದ್ದರು, ಆ ಕಾರ್ಖಾನಿ ಹೆಂಗದ ಅಂತ. ಚಲೋ ನಡೆದಿದೆ, ಏನೂ ಆಗಿಲ್ಲ ಅಂದರೆ, ‘ಇನ್ನೂ ಆಗಿಲ್ಲ,’ ಅನ್ನುತ್ತಿದ್ದರು. ಇನ್ನೂ ಅನ್ನುವುದನ್ನು ಸ್ವಲ್ಪ ಎಳೆದು ಹೇಳುತ್ತಿದ್ದರು. ಕೇಳಿದವರಿಗೆ ಇವರು ಅದಕ್ಕಾಗಿಯೇ ಕಾಯುತ್ತಿದ್ದಾರೇನೋ ಅನ್ನಿಸುವ ಹಾಗೆ. ಕಾಯುತ್ತಿರಲಿಲ್ಲ, ಅಂಜುತ್ತಿದ್ದರು. ಇದು ನನಗೆ ತಡವಾಗಿ ತಿಳಿಯಿತು.

ಅವರು ಎಲ್ಲಕ್ಕಿಂತ ಹೆಚ್ಚು ಅಂಜುತ್ತಿದ್ದದ್ದು ಒಂದು ಸಣ್ಣ ಪದಕ್ಕೆ. ಲಿಟಲ್. ಇಂಗ್ಲಿಷಿನಲ್ಲಿ ‘ಎ ಲಿಟಲ್’ ಅಂದರೆ ಸ್ವಲ್ಪ ಇದೆ. ಆ ‘ಎ’ ಬಿಟ್ಟು ಬರೀ ‘ಲಿಟಲ್’ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಎ ಲಿಟಲ್ ಡೇಂಜರ್ ಅಂದರೆ ಹುಷಾರು, ಲಿಟಲ್ ಡೇಂಜರ್ ಅಂದರೆ ನಿಶ್ಚಿಂತೆಯಿಂದ ಇರಿ. ನಡುವೆ ಇರುವುದು ಒಂದೇ ಅಕ್ಷರ. ನಮ್ಮ ಭಾಷೆಯಲ್ಲಿ ಆ ‘ಎ’ ಅನ್ನುವ ಪದಾರ್ಥವೇ ಇಲ್ಲದ್ದರಿಂದ ನಾವೆಲ್ಲ ಅದನ್ನು ಸಲೀಸಾಗಿ ನುಂಗಿಬಿಡುತ್ತೇವೆ. ‘ನಮ್ಮ ಮಂದಿ ಈ ‘ಎ’ ನುಂಗಿ ನೀರ ಕುಡೀತಾರ. ಒಂದು ದಿನ ಯಾರನ್ನರೆ ನುಂಗತದ ಅದು,’ ಅನ್ನುತ್ತಿದ್ದರು. ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಕಾಕು, ‘ಸ್ವಲ್ಪ ಸಾರು ಉಳದದ, ಹಾಕ್ಲ್ಯಾ?’ ಅಂದರೆ ಇವರು, ‘ಎ ಲಿಟಲೋ, ಬರೇ ಲಿಟಲೋ?’ ಅನ್ನುವರು. ಕಾಕು ಪಾತೇಲಿಯನ್ನೇ ತಂದು ಮುಂದೆ ಕುಕ್ಕುವರು. ‘ನೀವ ನೋಡ್ಕೊಂಡು ಹೆಸರಿಡ್ರಿ.’

ಎಂಟು ವರ್ಷ ಅವರು ನನ್ನ ಪ್ರತಿ ರಿಪೋರ್ಟನ್ನೂ ಮೊದಲು ಕನ್ನಡದಲ್ಲಿ ಹೇಳಿಸಿಕೊಂಡು, ಆಮೇಲೆ ಇಂಗ್ಲಿಷನ್ನು ಓದಿ, ಆಮೇಲೆ ಸಹಿ ಮಾಡಿದರು. ಒಂದು ದಿನ ನಾನು ಮುಂದೆ ನಿಂತಾಗ ಪೆನ್ನಿನ ಟೋಪಿ ತೆಗೆದು ನೇರ ಸಹಿ ಹಾಕಿ ಕೊಟ್ಟರು.

‘ಕೇಳೂದಿಲ್ಲೇನ್ರಿ ಸರ?’

‘ನಿಂದು ಇನ್ನ ಓದೂದಿಲ್ಲ. ನೀ ಬರದಿ ಅಂದ್ರ ಹಂಗ ಇರ್ತದ.’

ಅವರ ಬಾಯಿಂದ ಇದಕ್ಕಿಂತ ದೊಡ್ಡ ಮಾತು ಯಾರಿಗೂ ಬಂದಿರಲಿಲ್ಲ. ಗೋಕಾಕಕ್ಕೆ ಫೋನು ಮಾಡಿ ಅವ್ವನಿಗೆ ಹೇಳಿದೆ. ಅವಳಿಗೆ ಏನು ತಿಳಿಯಿತೋ, ದೇವರ ಮುಂದೆ ಸಕ್ಕರೆ ಇಟ್ಟಳಂತೆ. ಅಂದಿನಿಂದ ನನ್ನ ರಿಪೋರ್ಟುಗಳು ಅವರ ಮೇಜಿನ ಮೇಲೆ ಅರ್ಧ ನಿಮಿಷವೂ ನಿಲ್ಲುತ್ತಿರಲಿಲ್ಲ. ನಾನು ಬೀಗಿದೆ.

ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯ ಕ್ರೇನು. ಛಾವಣಿಯ ಕೆಳಗೆ ಹಳಿಗಳ ಮೇಲೆ ಓಡಾಡುವಂಥದ್ದು. ಅದನ್ನು ನಡೆಸುವವನು ನೆಲದ ಮೇಲೆ ನಿಂತು, ಮೇಲಿಂದ ಇಳಿಬಿಟ್ಟ ಗುಂಡಿಗಳ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಭಾರದ ಜೊತೆಜೊತೆಗೇ ನಡೆಯುತ್ತಾನೆ. ಮೇಲೆ ಉಕ್ಕಿನ ಹಗ್ಗ ಸುತ್ತುವ ಡ್ರಮ್ಮಿಗೆ ಹಗ್ಗದ ತುದಿಯನ್ನು ಕಚ್ಚಿ ಹಿಡಿದ ಒಂದು ಕ್ಲಾಂಪು ಇರುತ್ತದೆ. ನನ್ನ ಕಿಸೆಯ ಡೈರಿಯಲ್ಲಿ ನಾನು ಯಾವಾಗಲೂ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಅಂದು ಬರೆದದ್ದು, ‘ಕ್ಲಾಂಪಿನ ಬೋಲ್ಟು ಸ್ವಲ್ಪ ಸಡಿಲು.’ ಮರುದಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷ್ ಮಾಡಿದೆ: ‘ಲಿಟಲ್ ಲೂಸ್‌ನೆಸ್ ಅಬ್ಸರ್ವ್‌ಡ್.’ ಎಂಟು ವರ್ಷ ಕಲಿತವನು ‘ಎ’ ನುಂಗಿದ್ದೆ. ಮಾಸ್ತರು ಪೆನ್ನಿನ ಟೋಪಿ ತೆಗೆದರು, ಸಹಿ ಹಾಕಿದರು.

ಒಂದೂವರೆ ತಿಂಗಳಾಗಿರಬಹುದು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಾಲಕರಿಗೆ ಫೋನು ಬಂತು. ಆ ಕ್ರೇನಿನಲ್ಲಿ ಭಾರದ ಅಚ್ಚೊಂದನ್ನು ನೆಲದ ಹೊಂಡಕ್ಕೆ ಇಳಿಸುವಾಗ ಕ್ಲಾಂಪು ಬಿಟ್ಟುಕೊಂಡು ಹಗ್ಗ ಕಿತ್ತು ಬಂದಿತ್ತು. ಕ್ರೇನು ನಡೆಸುತ್ತಿದ್ದವನು ಅಲ್ಲೇ ಸತ್ತಿದ್ದ. ರಿಪೇರಿ ಮಾಡಿಸಬೇಕಿದ್ದ ಫೋರ್‌ಮನ್ನನ್ನು ಪೊಲೀಸರು ಕರೆದುಕೊಂಡು ಹೋಗಿದ್ದರು. ಕೆಳಗಿನ ಪ್ರೆಸ್ಸು ಎಂದಿನಂತೆ ಬಡಿಯುತ್ತಿತ್ತು, ಮೇಜು ನಡುಗುತ್ತಿತ್ತು. ಮಾಸ್ತರು ಕಪಾಟಿನಿಂದ ರಿಪೋರ್ಟಿನ ಪ್ರತಿ ತೆಗೆದು ನಿಂತಲ್ಲೇ ಓದಿದರು. ಆ ಒಂದು ಸಾಲಿನ ಮೇಲೆ ಅವರ ಬೆರಳು ನಿಂತದ್ದು ನಾನು ನೋಡಿದೆ. ಆಮೇಲೆ ನನ್ನ ಡೈರಿ ಕೇಳಿದರು. ಕೊಟ್ಟೆ. ‘ಸ್ವಲ್ಪ ಸಡಿಲು,’ ಅಂತ ಓದಿ ಡೈರಿ ಮುಚ್ಚಿ ತಮ್ಮ ಕಿಸೆಯಲ್ಲಿ ಇಟ್ಟುಕೊಂಡರು.

ವಿಚಾರಣೆಗೆ ಸರಕಾರಿ ಅಧಿಕಾರಿ ಬರುವ ಹಿಂದಿನ ದಿನ ಮಾಲಕರು ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ವಕೀಲರನ್ನು ಕೇಳಿಕೊಂಡು ಬಂದಿದ್ದರು.

‘ಮಾಸ್ತರ, ಭಾಳ ಸರಳ ಅದ ನೋಡ್ರಿ. ಲಿಟಲ್ ಅಂದ್ರ ಸ್ವಲ್ಪ. ಸ್ವಲ್ಪ ಸಡಿಲು ಅದ ಅಂತ ನಾವು ಬರದ ಕೊಟ್ಟೀವಿ, ಎಚ್ಚರಿಕಿ ಕೊಟ್ಟೀವಿ. ಅವರು ಬಿಗಿ ಮಾಡಲಿಲ್ಲ. ತಪ್ಪು ಅವರದು.’

‘ಲಿಟಲ್ ಅಂದ್ರ ಹಂಗಲ್ರಿ.’

‘ಪುಣೇದಾಗ ಅರ್ಧ ಮಂದಿ ಹಂಗ ಬರೀತಾರ್ರಿ. ಆ ಸಾಹೇಬನೂ ಹಂಗ ಬರೀತಾನ. ನೀವೊಬ್ಬರು ಹೌದು ಅಂದ್ರ ಮುಗೀತು. ಈ ಹುಡುಗನ ಬಾಳೂ ಉಳೀತದ.’ ಮಾಲಕರು ನನ್ನ ಕಡೆ ಕೈ ಮಾಡಿದರು. ಆಗಷ್ಟೇ ನನ್ನ ಮಗಳು ಹುಟ್ಟಿ ಮೂರು ತಿಂಗಳಾಗಿತ್ತು.

‘ಫೋರ್‌ಮನ್ನಂದು?’ ಮಾಸ್ತರು ಕೇಳಿದರು.

ಮಾಲಕರು ಮುಂದಿದ್ದ ಫೈಲು ಮುಚ್ಚಿದರು.

ನಾನು ಮಾಸ್ತರ ಮುಖವನ್ನೇ ನೋಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವರು ಹೌದು ಅನ್ನಲಿ ಅಂತ ಮನಸ್ಸಿನಲ್ಲಿ ದೇವರಿಗೆ ಹರಕೆ ಹೊರುತ್ತಿದ್ದೆ. ಆ ಫೋರ್‌ಮನ್ನಿಗೂ ಮಕ್ಕಳಿದ್ದರು. ಅದು ನನಗೆ ಗೊತ್ತಿತ್ತು.

ಮರುದಿನ ಅಧಿಕಾರಿ ಬಂದ. ನನ್ನಷ್ಟೇ ವಯಸ್ಸಿನವನು, ಮರಾಠಿಯವನು, ಸೌಮ್ಯ ಮನುಷ್ಯ. ರಿಪೋರ್ಟಿನ ಆ ಸಾಲನ್ನು ಓದಿ ತಾನೇ ದಾರಿ ತೆರೆದುಕೊಟ್ಟ. ‘ಲಿಟಲ್ ಮ್ಹಣಜೇ ಥೋಡಂ. ಬರೋಬರ್ ನಾ?’ ಅಂದ. ಲಿಟಲ್ ಅಂದರೆ ಸ್ವಲ್ಪ, ಸರಿ ತಾನೆ ಅಂತ. ಮಾಲಕರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

‘ನಾಹೀ,’ ಅಂದರು ಮಾಸ್ತರು.

ಧಾರವಾಡದ ರಾಗದ ತಮ್ಮ ಮರಾಠಿಯಲ್ಲಿ, ಹಿಂದೆ ಕ್ಲಾಸಿನಲ್ಲಿ ಹೇಳುತ್ತಿದ್ದಿರಬೇಕು ಹಾಗೆ, ನಿಧಾನವಾಗಿ ಬಿಡಿಸಿ ಹೇಳಿದರು. ಬರೀ ಲಿಟಲ್ ಅಂದರೆ ಲೆಕ್ಕಕ್ಕೆ ಇಲ್ಲದಷ್ಟು. ಈ ರಿಪೋರ್ಟು ಕ್ಲಾಂಪು ಚೆನ್ನಾಗಿದೆ ಅನ್ನುತ್ತದೆ. ಫೋರ್‌ಮನ್ ಇದನ್ನು ಓದಿ ನಂಬಿದ. ಓದಲು ಬರುವ ಯಾರಾದರೂ ಹಾಗೇ ನಂಬುತ್ತಾರೆ. ಅವನದೇನೂ ತಪ್ಪಿಲ್ಲ. ರಿಪೋರ್ಟು ತಪ್ಪು.

ಅಧಿಕಾರಿ ಪೆನ್ನು ಕೆಳಗಿಟ್ಟ. ಇದನ್ನು ಬರೆದದ್ದು ಯಾರು ಅಂತ ಕೇಳಿದ.

ಮಾಸ್ತರು ಕಿಸೆಯಿಂದ ನನ್ನ ಡೈರಿ ತೆಗೆದು ಆ ಪುಟ ತೆರೆದು ಅವನ ಮುಂದಿಟ್ಟರು. ‘ಹುಡುಗ ಕನ್ನಡದಲ್ಲಿ ಬರೆದುಕೊಟ್ಟಿದ್ದಾನೆ ನೋಡಿ, ಸ್ವಲ್ಪ ಸಡಿಲು ಅಂತ. ಸ್ವಲ್ಪ ನಿಮ್ಮ ಮರಾಠಿಯಲ್ಲೂ ಇದೆ. ಅವನು ಸರಿಯಾಗಿಯೇ ಬರೆದಿದ್ದಾನೆ. ಇಂಗ್ಲಿಷ್ ಮಾಡಿದವನು ನಾನು. ‘ಎ’ ಬಿಟ್ಟವನು ನಾನು.’

ಅಧಿಕಾರಿ ನನ್ನ ಕಡೆ ನೋಡಿದ. ಒಂದು ಮಾತು ಹೇಳಲು ಬೇಕಾದಷ್ಟು ಹೊತ್ತು ನೋಡಿದ. ನಾನು ಮುಂದಿದ್ದ ಚಹಾ ನೋಡಿದೆ. ಅದರ ಮೇಲೆ ಕೆನೆ ಕಟ್ಟಿತ್ತು. ಹೇಳಿಕೆಯ ಹಾಳೆಯ ಮೇಲೆ ಮಾಸ್ತರು ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಸರಕಾರಿ ಕಾಗದಕ್ಕೆ ಹಸಿರು ನಡೆಯುವುದಿಲ್ಲ ಅಂತ ಅಧಿಕಾರಿ ತನ್ನ ಪೆನ್ನು ಕೊಟ್ಟು ಇನ್ನೊಮ್ಮೆ ಮಾಡಿಸಿ ಡೈರಿಯನ್ನೂ ತೆಗೆದುಕೊಂಡು ಹೋದ.

ಫೋರ್‌ಮನ್ ಬಿಡುಗಡೆಯಾದ. ನಮ್ಮ ಕಂಪನಿಯ ಪರವಾನಗಿ ಕೆಲವು ತಿಂಗಳು ನಿಂತು ಮತ್ತೆ ಬಂತು. ಮಾಸ್ತರನ್ನು ಕೆಲಸದಿಂದ ತೆಗೆದ ಮೇಲೆಯೇ ಬಂತು. ಅವರ ಮೇಲೆ ಕೇಸು ಕೆಲವು ವರ್ಷ ಎಳೆದು ಏನೋ ಒಂದು ರೀತಿ ಮುಗಿಯಿತು ಅಂತ ಬೇರೆಯವರಿಂದ ಕೇಳಿದೆ. ಮತ್ತೆ ಅವರು ಎಲ್ಲೂ ಕೆಲಸ ಮಾಡಲಿಲ್ಲ. ಇಂಗ್ಲಿಷ್ ತಪ್ಪು ಮಾಡಿ ಒಬ್ಬನನ್ನು ಸಾಯಿಸಿದ ಮಾಸ್ತರು ಅಂತ ನಮ್ಮವರ ನಡುವೆಯೇ ಆಡಿಕೊಂಡರು. ಹಾಗೆ ಆಡಿಕೊಂಡ ಒಂದು ಕಡೆ ನಾನೂ ಇದ್ದೆ. ಅಲ್ಲೂ ಬಾಯಿ ಬಿಡಲಿಲ್ಲ. ಈಗ ಅವರ ಕುರ್ಚಿಯಲ್ಲಿ ಕೂತು ರಿಪೋರ್ಟು ತಿದ್ದುವವನು ನಾನು.

ಕಳೆದ ವರ್ಷ ತರಕಾರಿ ಮಂಡಿಯಲ್ಲಿ ಕಾಕು ಸಿಕ್ಕರು. ಕೈಯಲ್ಲಿ ಮೆಂತ್ಯದ ಕಟ್ಟು. ತಪ್ಪಿಸಿಕೊಳ್ಳಬೇಕು ಅನ್ನುವಷ್ಟರಲ್ಲಿ ಕರೆದರು. ಸರ ಹೆಂಗದಾರ್ರಿ ಅಂದೆ.

‘ಏನ ಹೇಳ್ಲಪಾ. ಈಗ ಎಲ್ಲಾದಕ್ಕೂ ಸ್ವಲ್ಪ ಅಂತಾರ. ನಿದ್ದಿ ಸ್ವಲ್ಪ ಬಂತು, ಎದಿ ಸ್ವಲ್ಪ ನೋಯ್ತದ. ಎಷ್ಟು ಅಂತ ಡಾಕ್ಟರ್ ಕೇಳಿದ್ರ ಸುಮ್ನ ಕೂಡ್ತಾರ. ಇವರ ಬಾಯಾಗ ಹಿಂಗ ಮಾತು ಕೇಳ್ತೀನಿ ಅಂತ ಅಂದುಕೊಂಡಿದ್ದಿಲ್ಲ ನಾ.’ ಮೆಂತ್ಯದ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಅಂದರು, ‘ನಿನ್ನ ಸುದ್ದಿ ಬಂದಾಗೊಮ್ಮೆ ಒಂದೇ ಮಾತು ಕೇಳ್ತಾರ ನೋಡು. ಈಗರೆ ಮ್ಯಾಲ ಹತ್ತತಾನೇನು ಅಂತ. ಏನು ಹತ್ತೂದಪಾ ಅದು?’

ಕೆಲಸದ ಮಾತು ಕಾಕು, ಅಂದೆ. ಮನೆಗೆ ಬಾ ಅಂದರು. ಬರ್ತೀನಿ ಅಂದೆ. ಎರಡು ಸಲ ಅವರ ಬಿಲ್ಡಿಂಗಿನ ಗೇಟಿನ ತನಕ ಹೋಗಿ, ಗಾಡಿ ತಿರುಗಿಸಿಕೊಂಡು ಬಂದೆ.

ಹೇಳಿಕೆ ಕೊಟ್ಟ ದಿನದ್ದು ಒಂದು ಮಾತು ಉಳಿದಿದೆ. ಅಂದು ಸಂಜೆ ಅವರನ್ನು ಬಸ್ ಸ್ಟಾಪಿನ ತನಕ ಬಿಡಲು ಹೋದೆ. ಯಾಕ್ರಿ ಸರ ಹಿಂಗ ಮಾಡಿದ್ರಿ ಅಂತ ಕೇಳಿದೆ.

‘ನಂದು ಇನ್ನ ಎಷ್ಟು ವರ್ಷ ತಮ್ಮಾ? ನಿಂದು ಭಾಳ ಅದ,’ ಅಂದರು. ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಕೇಳಿದರು, ‘ನನಗಷ್ಟ ಹೇಳು. ಆ ಬೋಲ್ಟು ಖರೇನ ಎಷ್ಟು ಸಡಿಲಿತ್ತು? ಪಾನಾ ಹಚ್ಚಿದಾಗ ಎಷ್ಟು ಸುತ್ತು ತಿರುಗಿತು?’

‘ಅರ್ಧ ಸುತ್ತು ಇರಬೇಕ್ರಿ ಸರ.’

‘ಇರಬೇಕು,’ ಅಂದರು.

ಅಷ್ಟೇ ಅಂದರು. ಬೋಲ್ಟಿಗೆ ಸ್ಪ್ಯಾನರ್ ಹಚ್ಚಿ ತಿರುಗಿಸಿದವನು ತಿರುಗಿತು ಅನ್ನುತ್ತಾನೆ, ಇರಬೇಕು ಅನ್ನುವುದಿಲ್ಲ. ಅದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬಸ್ಸು ಬಂತು. ಕಿಸೆಯಲ್ಲಿ ಚಿಲ್ಲರೆ ಹುಡುಕುತ್ತಾ ಹತ್ತಿದರು. ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದೇ.

ನಾನು ತಳೇಗಾಂವದಲ್ಲಿ ಆ ದಿನ ಕ್ರೇನಿನ ಮೇಲೆ ಹತ್ತಿರಲಿಲ್ಲ. ಡ್ರಮ್ಮು ನೋಡಿರಲಿಲ್ಲ, ಬೋಲ್ಟು ಮುಟ್ಟಿರಲಿಲ್ಲ. ಡೈರಿಯಲ್ಲಿದ್ದ ಆ ‘ಸ್ವಲ್ಪ’ ನನ್ನದಲ್ಲ, ಕ್ರೇನು ನಡೆಸುತ್ತಿದ್ದವನದು. ನೆಲದ ಮೇಲೆ ಗುಂಡಿಗಳ ಡಬ್ಬಿ ಹಿಡಿದು ನಿಂತಿದ್ದ ಅವನನ್ನು ಮೇಲಿನ ಕ್ಲಾಂಪಿನ ಬೋಲ್ಟು ಹೇಗಿದೆ ಅಂತ ಕೇಳಿದ್ದೆ. ‘ಥೋಡಂ ಢಿಲಂ ಝಾಲಂಯ್ ಸಾಹೇಬ. ಏಕದಾ ವರ್ ಚಢೂನ್ ಬಘಾ ನಾ,’ ಅಂದ. ಸ್ವಲ್ಪ ಸಡಿಲಾಗಿದೆ ಸಾಹೇಬ, ಒಂದು ಸಲ ಮೇಲೆ ಹತ್ತಿ ನೋಡಿ. ಮಧ್ಯಾಹ್ನದ ಲೋಕಲ್ ರೈಲು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಿತ್ತು. ನಾನು ಗಡಿಯಾರ ನೋಡಿದೆ.